ಪದವಿಯ ಅನಂತರ ವೈದ್ಯರ ವಿದ್ಯಾಭ್ಯಾಸ

"ಹೊಸ ವೈದ್ಯನಿಗಿಂತ ಹಳೆಯ ರೋಗಿ ಮೇಲು" ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರು ಕಡಮೆ. ಅನುಭವವೇ ದೊಡ್ಡ ವಿದ್ಯೆ ಎಂಬುದು ಅದರ ತಾತ್ಪರ್ಯ. ತಲೆ ನರೆತ ಡಾಕ್ಟರನ್ನು ಕಂಡರೆ ನಮಗೆ ಅರ್ಧ ಜ್ವರ ಇಳಿದಂತಾಗುತ್ತದೆ. ಆಗತಾನೆ ಕಾಲೇಜಿನಿಂದ ಬಂದ ಡಾಕ್ಟರನ್ನು ಕಂಡರೆ ಸಂದೇಹ ಹುಟ್ಟುತ್ತದೆ. ಈ ನಂಬಿಕೆಯಲ್ಲಿ ಸತ್ಯಾಂಶವುಂಟು, ಆದರೆ ಪೂರ್ಣ ಸತ್ಯವಿಲ್ಲ. ಏಕೆಂದರೆ ಕೈ ಪಳಗುವುದು ಬೇರೆ, ತಿಳಿವಳಿಕೆ ಬೆಳೆಯುವುದು ಬೇರೆ. ಕೈ ಪಳಗಲು ವರುಷಗಳು ಸಾಕು. ತಿಳಿವಳಿಕೆ ಬೆಳೆಯಬೇಕಾದರೆ ಮತ್ತೆ ಓದಬೇಕು, ಮತ್ತೆ ಕೇಳಬೇಕು.

ಪದವಿ ಪಡೆದು ವೃತ್ತಿಯಲ್ಲಿ ತೊಡಗಿರುವ ವೈದ್ಯರು ಹೀಗೆ ಕಲಿಯುತ್ತಲೇ ಇರಬೇಕೆಂಬ ಏರ್ಪಾಡಿಗೆ "ನಿರಂತರ ವೈದ್ಯಕೀಯ ಶಿಕ್ಷಣ" ಎಂದು ಹೆಸರು. ಡಾಕ್ಟರುಗಳು ಅದನ್ನೇ ಚಿಕ್ಕದಾಗಿ ಸಿ.ಎಂ.ಇ. ಎನ್ನುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆಗೆ ಉತ್ತರವಾಗಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಬೇಕಾಗಿದೆ.

ನಮ್ಮೂರು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಬಂಜಾರ ಜನರು ದೇಶದ ನಾನಾ ಭಾಗಗಳಿಂದ ಪ್ರತಿ ವರ್ಷ ಫೆಬ್ರವರಿಯಲ್ಲಿ ಇಲ್ಲಿಗೆ ಬರುತ್ತಾರೆ. ಜಾತ್ರೆಯ ದಿನಗಳಲ್ಲಿ ಜನವೋ ಜನ. ಉಳಿದ ದಿನಗಳಲ್ಲಿ ಹೊಲ, ಮನೆ, ದನಕರು. ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ, ಮಳೆಗಾಲದ ಒಂದು ಸಂಜೆ, ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ನನ್ನ ಚಿಕ್ಕಪ್ಪನವರ ಕಾಲಿಗೆ ಹಾವು ಕಚ್ಚಿತು. ಕೊಳಕುಮಂಡಲ. ನಮ್ಮ ತಂದೆಯವರು ಹೆಗಲ ಮೇಲಿನ ಟವೆಲಿನಿಂದ ಮೊಣಕಾಲ ಕೆಳಗೆ ಕಟ್ಟಿದರು. ಹತ್ತಿರದಲ್ಲಿ ಸಿಕ್ಕ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದೆವು. ಅವರು ಇಪ್ಪತ್ತೈದು ಮೂವತ್ತು ವರ್ಷಗಳಿಂದ ಔಷಧ ಕೊಡುತ್ತ ಬಂದವರು. ಬಡವರಲ್ಲಿ ಹಣ ಕೇಳದವರು. ಅವರು ಟವೆಲನ್ನು ಬಿಚ್ಚಿ, ಅದೇ ಜಾಗದಲ್ಲಿ ಹಗ್ಗದಿಂದ ಇನ್ನೂ ಬಿಗಿಯಾಗಿ ಕಟ್ಟಿದರು. ಕಚ್ಚಿದ ಕಡೆ ಬ್ಲೇಡಿನಿಂದ ಗೀರಿ ರಕ್ತ ಬಿಟ್ಟರು. ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, "ಬೆಳಗಾಗಲಿ, ನೋಡೋಣ" ಎಂದರು.

ಬೆಳಗಾಗುವವರೆಗೆ ಕಾಯುವಂತಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ಚಿಕ್ಕಪ್ಪನವರ ವಸಡಿನಿಂದ ರಕ್ತ ಬರತೊಡಗಿತು. ಬಾಡಿಗೆ ಕಾರು ಮಾಡಿಕೊಂಡು ಸರಕಾರಿ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿದ್ದ ಡಾಕ್ಟರೂ ವಯಸ್ಸಾದವರೇ. ಅವರು ಸ್ವಲ್ಪ ರಕ್ತ ತೆಗೆದು ಒಂದು ಒಣ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಾಡಿಸದೆ ನಿಲ್ಲಿಸಿ, ಗೋಡೆಯ ಗಡಿಯಾರವನ್ನು ನೋಡಿಕೊಂಡರು. ಇಪ್ಪತ್ತು ನಿಮಿಷವಾದ ಮೇಲೆ ನಳಿಗೆಯನ್ನು ಓರೆ ಮಾಡಿದರು. ರಕ್ತ ನೀರಿನಂತೆ ಹರಿಯಿತು, ಹೆಪ್ಪುಗಟ್ಟಿರಲಿಲ್ಲ. ಒಡನೆಯೇ ಪ್ರತಿವಿಷದ ಹತ್ತು ಸೀಸೆಗಳನ್ನು ತರಿಸಿ ಡ್ರಿಪ್ಪಿನಲ್ಲಿ ಹಾಕಿದರು. ಹಗ್ಗವನ್ನು ಎಚ್ಚರಿಕೆಯಿಂದ ಸಡಿಲಿಸಿದರು. ಚಿಕ್ಕಪ್ಪ ಉಳಿದರು. ಆದರೆ ರಕ್ತ ಓಡದೆ ಕಪ್ಪಾಗಿದ್ದ ಎರಡು ಬೆರಳುಗಳನ್ನು ಆಮೇಲೆ ತೆಗೆಯಬೇಕಾಯಿತು. ಈಗಲೂ ಅವರು ಕುಂಟುತ್ತಲೇ ನಡೆಯುತ್ತಾರೆ. ಗದ್ದೆಯ ಕೆಸರಿನಲ್ಲಿ ನಿಲ್ಲಲಾರರು.

ಮನೆಗೆ ಕಳುಹಿಸುವ ದಿನ ನಾನು ಆ ಡಾಕ್ಟರನ್ನು ಕೇಳಿದೆ: "ಸಾರ್, ಆ ಗಾಜಿನ ನಳಿಗೆಯಲ್ಲಿ ಏನು ನೋಡಿದಿರಿ?" ಅವರು ವಿವರಿಸಿ ಹೇಳಿ, ಕೊನೆಗೆ, "ನಾನು ಓದುವಾಗ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ ತಮ್ಮಾ. ನಾವೂ ಹಗ್ಗ ಕಟ್ಟಿದವರೇ. ಆಮೇಲೆ ತರಬೇತಿಗೆ ಕರೆದರು, ಹೋದೆ, ಕಲಿತೆ" ಎಂದರು.

ಇಬ್ಬರು ವೈದ್ಯರು. ವಯಸ್ಸು ಹೆಚ್ಚುಕಡಮೆ ಒಂದೇ. ಇಬ್ಬರೂ ಒಳ್ಳೆಯವರು. ವ್ಯತ್ಯಾಸವಿದ್ದುದು ಪದವಿಯ ಅನಂತರ ಕಲಿತದ್ದರಲ್ಲಿ. ಆ ವ್ಯತ್ಯಾಸದ ಬೆಲೆಯನ್ನು ತೆತ್ತವರು ಡಾಕ್ಟರಲ್ಲ, ನಮ್ಮ ಚಿಕ್ಕಪ್ಪ. ಆದುದರಿಂದ ಈ ವಿಷಯ ವೈದ್ಯರದು ಮಾತ್ರವಲ್ಲ, ನಮ್ಮದು ಕೂಡ.

ವೈದ್ಯಶಾಸ್ತ್ರ ಅಷ್ಟು ಬೇಗ ಬದಲಾಗುತ್ತದೆಯೆ ಎಂಬುದು ಮುಂದಿನ ಪ್ರಶ್ನೆ. ಒಂದೆರಡು ನಿದರ್ಶನಗಳು ಸಾಕು. ಹೊಟ್ಟೆಯ ಹುಣ್ಣಿಗೆ ಚಿಂತೆ, ಖಾರ, ಆಮ್ಲ ಇವೇ ಕಾರಣವೆಂದು ಬಹುಕಾಲ ಕಲಿಸುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರು ಅದಕ್ಕೆ ಒಂದು ಬ್ಯಾಕ್ಟೀರಿಯ ಕಾರಣವೆಂದು ಕಂಡುಕೊಂಡರು. ಯಾರೂ ನಂಬದಿರಲು, ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದು ಕಾಯಿಲೆ ಬೀಳುವ ಸಾಹಸವನ್ನೂ ಮಾಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತಿದ್ದ ಎಷ್ಟೋ ಹುಣ್ಣುಗಳು ಈಗ ಕೆಲವು ದಿನಗಳ ಮಾತ್ರೆಯಿಂದ ವಾಸಿಯಾಗುತ್ತವೆ. 1980ರಲ್ಲಿ ಪದವಿ ಪಡೆದು ಪುಸ್ತಕ ಮುಚ್ಚಿಟ್ಟ ವೈದ್ಯನಿಗೆ ಇದು ತಿಳಿಯುವುದೆಂತು?

ವಾಂತಿಭೇದಿಯ ವಿಷಯವೂ ಹೀಗೆಯೇ. ಮೈಯಲ್ಲಿ ನೀರು ಆರಿದವನಿಗೆ ರಕ್ತನಾಳದ ಮೂಲಕವೇ ದ್ರವ ಕೊಡಬೇಕೆಂದು ವೈದ್ಯರು ನಂಬಿದ್ದರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಆ ದ್ರವ ಸಾಲದೆ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು. ಶೇಕಡಾ 30ರಷ್ಟಿದ್ದ ಮರಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅಲ್ಲಿಗೂ ಮುಗಿಯಲಿಲ್ಲ; ಭೇದಿಯಾದ ಮಕ್ಕಳಿಗೆ ಆ ನೀರಿನ ಜೊತೆಗೆ ಸತುವಿನ ಮಾತ್ರೆಯನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫ್ ಸಂಸ್ಥೆಯೂ 2004ರಲ್ಲಿ ಹೇಳಿದವು. ಅಂದರೆ 1990ರ ಸುಮಾರಿಗೆ ಕಾಲೇಜು ಬಿಟ್ಟವರು ಇಷ್ಟು ಸಾಮಾನ್ಯ ಕಾಯಿಲೆಯ ಚಿಕಿತ್ಸೆಯನ್ನೂ ಮತ್ತೊಮ್ಮೆ ಕಲಿಯಬೇಕಾಯಿತು.

ಕೆಲವು ವೇಳೆ ಕಾಯಿಲೆಯೇ ಹೊಸದಾಗಿರುತ್ತದೆ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಗಳು 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಮೊದಲು ಹಳದಿ ಜ್ವರವಿರಬಹುದೆಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ, ಅದು ಉಣ್ಣೆಹುಳುಗಳಿಂದ ಹರಡುವ, ಜಗತ್ತಿಗೇ ಹೊಸದಾದ ವೈರಸ್ ಎಂದು ತಿಳಿಯಿತು. ಅದೇ ಇಂದು ನಾವು ಮಂಗನ ಕಾಯಿಲೆ ಎನ್ನುವುದು. ಅಂದು ಮಲೆನಾಡಿನಲ್ಲಿದ್ದ ಯಾವ ವೈದ್ಯನ ಪಠ್ಯಪುಸ್ತಕದಲ್ಲಿಯೂ ಅದರ ಹೆಸರಿರಲಿಲ್ಲ. ಆ ಕಾಯಿಲೆಗೆ ಬಹುಕಾಲ ಹಾಕುತ್ತಿದ್ದ ಲಸಿಕೆಯನ್ನು, ಸಾಕಷ್ಟು ಫಲ ಕೊಡದೆ ಹೋದುದರಿಂದ, 2022ರಲ್ಲಿ ನಿಲ್ಲಿಸಲಾಯಿತು. ಹೀಗೆ ಒಂದೇ ಕಾಯಿಲೆಯ ವಿಷಯದಲ್ಲಿ ಒಮ್ಮೆ ಹೊಸದನ್ನು ಕಲಿಯಬೇಕಾಯಿತು, ಇನ್ನೊಮ್ಮೆ ಕಲಿತದ್ದನ್ನು ಬಿಡಬೇಕಾಯಿತು. ಕಲಿಯುವುದಕ್ಕಿಂತ ಬಿಡುವುದೇ ಕಷ್ಟವೆಂದು ತೋರುತ್ತದೆ. ಹಾವು ಕಚ್ಚಿದ ಕಾಲಿಗೆ ಹಗ್ಗ ಕಟ್ಟುವುದನ್ನು ಬಿಡಲಾರದವರು ಇನ್ನೂ ಇದ್ದಾರೆ.

ವೈದ್ಯನು ಕಲಿಯುತ್ತಲೇ ಇರಬೇಕೆಂಬ ಭಾವನೆ ಪಶ್ಚಿಮದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ "ತದ್ವಿದ್ಯ ಸಂಭಾಷಾ" ಎಂಬ ಮಾತು ಬರುತ್ತದೆ. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಚರ್ಚಿಸುವುದು ಎಂದು ಅದರ ಅರ್ಥ. ಓದುವುದು, ಓದಿಸುವುದು, ಹೀಗೆ ಚರ್ಚಿಸುವುದು, ಈ ಮೂರೂ ಜ್ಞಾನ ಸಾಧನೆಯ ಮಾರ್ಗಗಳೆಂದು ಅಲ್ಲಿ ಎಣಿಸಿದ್ದಾರೆ. ಸ್ನೇಹದಿಂದ ನಡೆಯುವ ಚರ್ಚೆ, ಜಗಳದಿಂದ ನಡೆಯುವ ಚರ್ಚೆ ಎಂದು ಎರಡು ಬಗೆಯನ್ನೂ ಹೇಳಿದ್ದಾರೆ. ಆಧುನಿಕ ಕಾಲದಲ್ಲಿ ಅಮೆರಿಕದ ಸಾಮಾನ್ಯ ವೈದ್ಯರು 1947ರಲ್ಲಿ ಕಟ್ಟಿಕೊಂಡ ಸಂಘವು, ಸದಸ್ಯರಾಗಿ ಮುಂದುವರಿಯಬೇಕಾದರೆ ಇಷ್ಟು ಗಂಟೆಗಳ ಕಲಿಕೆ ಆಗಲೇಬೇಕೆಂದು ನಿಯಮ ಮಾಡಿತು. ಬ್ರಿಟನ್ನಿನಲ್ಲಿ 2012ರಿಂದ ವೈದ್ಯರು ತಮ್ಮ ಯೋಗ್ಯತೆ ಉಳಿದಿದೆಯೆಂದು ನಿಯತಕಾಲಕ್ಕೊಮ್ಮೆ ತೋರಿಸಿಕೊಡಬೇಕು.

ನಮ್ಮ ದೇಶದ ನಿಯಮವೇನು? ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಗಳಲ್ಲಿ, ಪ್ರತಿಯೊಬ್ಬ ವೈದ್ಯನೂ ಐದು ವರ್ಷಕ್ಕೆ ಕನಿಷ್ಠ ಪಕ್ಷ 30 ಗಂಟೆಗಳ ಕಾಲ ಇಂತಹ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು ಹೇಳಿದೆ. ನಮ್ಮ ರಾಜ್ಯದಲ್ಲಿ ವೈದ್ಯರ ಹೆಸರುಗಳನ್ನು ನೋಂದಾಯಿಸತಕ್ಕದ್ದು 1961ರ ಅಧಿನಿಯಮದ ಮೇರೆಗೆ ಇರುವ ಕರ್ನಾಟಕ ವೈದ್ಯಕೀಯ ಪರಿಷತ್ತು. ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳುವಾಗ ವೈದ್ಯರು ಈ 30 ಗಂಟೆಗಳ ಲೆಕ್ಕವನ್ನು ಒಪ್ಪಿಸಬೇಕು. ವೈದ್ಯಕೀಯ ಕಾಲೇಜುಗಳು, ಭಾರತೀಯ ವೈದ್ಯಕೀಯ ಸಂಘದ ಶಾಖೆಗಳು, ತಜ್ಞರ ಸಂಘಗಳು ಏರ್ಪಡಿಸುವ ಉಪನ್ಯಾಸ, ಸಮ್ಮೇಳನ, ಕಮ್ಮಟಗಳಿಗೆ ಹಾಜರಾದರೆ ಗಂಟೆಗಳು ಜಮೆಯಾಗುತ್ತವೆ.

2019ರ ಕಾಯಿದೆಯಂತೆ ಹಳೆಯ ಪರಿಷತ್ತು ಹೋಗಿ, 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಆಯೋಗವು 2023ರ ಆಗಸ್ಟಿನಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳಿನಲ್ಲಿಯೇ ಅವನ್ನು ತಡೆಹಿಡಿದು, 2002ರ ನಿಯಮಗಳೇ ನಡೆಯತಕ್ಕದ್ದೆಂದು ತಿಳಿಸಿತು.

ಐದು ವರ್ಷಕ್ಕೆ 30 ಗಂಟೆ ಎಂದರೆ ವರ್ಷಕ್ಕೆ ಆರು ಗಂಟೆ. ತಿಂಗಳಿಗೆ ಅರ್ಧ ಗಂಟೆ. ನಾವು ಒಂದೇ ವಾರದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತರಗತಿಯಲ್ಲಿ ಕುಳಿತಿರುತ್ತೇವೆ. ಆದರೆ ಕುಳಿತಷ್ಟು ಹೊತ್ತೂ ಕಲಿಯುತ್ತೇವೆಂದು ನಮ್ಮಲ್ಲಿ ಯಾರಾದರೂ ಎದೆ ಮುಟ್ಟಿ ಹೇಳಬಲ್ಲರೆ? ವೈದ್ಯರ ವಿಷಯದಲ್ಲಿಯೂ ಇದೇ ತೊಡಕು. ಸಹಿ ಹಾಕಿ, ಚೀಲ ತೆಗೆದುಕೊಂಡು, ಊಟ ಮಾಡಿ ಬಂದರೂ ಗಂಟೆ ಗಂಟೆಯೇ. ಬರಿಯ ಉಪನ್ಯಾಸದಿಂದ ವೈದ್ಯರ ಕೈಕೆಲಸ ಅಷ್ಟಾಗಿ ಬದಲಾಗುವುದಿಲ್ಲವೆಂದೂ, ಪ್ರಶ್ನೋತ್ತರ, ಅಭ್ಯಾಸ, ನಿಜವಾದ ರೋಗಿಯ ಚರ್ಚೆ ಇವು ಸೇರಿದರೆ ಬದಲಾಗುವುದೆಂದೂ ಇದನ್ನು ಪರೀಕ್ಷಿಸಿದವರು ಕಂಡಿದ್ದಾರೆ. 2005ರಲ್ಲಿ ಅಮೆರಿಕದ ಸಂಶೋಧಕರು ವೈದ್ಯರ ಅನುಭವಕ್ಕೂ ಚಿಕಿತ್ಸೆಯ ಗುಣಕ್ಕೂ ಇರುವ ಸಂಬಂಧದ ಮೇಲೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೇಳಿದ್ದು, ವರ್ಷಗಳು ಹೆಚ್ಚಿದಷ್ಟೂ ಗುಣ ಕುಗ್ಗುತ್ತದೆಂದು. ನಮ್ಮ ಗಾದೆಗೆ ಇದು ಮುಖಕ್ಕೆ ಹೊಡೆದಂತಹ ಉತ್ತರ. ಅನುಭವ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅನುಭವವೊಂದೇ ಸಾಲದೆಂದು ಅರ್ಥ.

ಹಾಗಾದರೆ ನಿಜವಾಗಿ ಕಲಿಸುವ ಬಗೆ ಯಾವುದು? ಸಂತೋಷದ ಸಂಗತಿಯೆಂದರೆ, ಅದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಒಳ್ಳೆಯ ಮಾದರಿಗಳಿವೆ. ಕ್ಷಯರೋಗಿಗೆ ಆರೋಗ್ಯಧಾಮದ ವಾಸ, ಗಾಳಿ, ವಿಶ್ರಾಂತಿ ಬೇಕೇ ಬೇಕೆಂಬ ನಂಬಿಕೆಯಿದ್ದ ಕಾಲದಲ್ಲಿ, ಮನೆಯಲ್ಲಿದ್ದೇ ಔಷಧ ಸೇವಿಸಿದರೂ ಅಷ್ಟೇ ಗುಣವಾಗುವುದೆಂದು ಮದರಾಸಿನಲ್ಲಿ ನಡೆದ ಪ್ರಯೋಗ 1959ರಲ್ಲಿ ತೋರಿಸಿತು. ಆ ವರ್ಷವೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಜಿಲ್ಲೆಗಳಿಂದ ವೈದ್ಯರನ್ನೂ ಅವರ ಸಹಾಯಕರನ್ನೂ ಕರೆಸಿ, ಹೊಸ ರೀತಿಯ ಚಿಕಿತ್ಸೆಯನ್ನು ಹಳ್ಳಿಗಳಲ್ಲಿ ನಡೆಸುವುದು ಹೇಗೆಂದು ಅಲ್ಲಿ ಕಲಿಸಿದರು. ಒಬ್ಬ ವೈದ್ಯನಿಗೆ ಮಾತ್ರವಲ್ಲದೆ, ಕೂಡಿ ಕೆಲಸ ಮಾಡುವ ತಂಡಕ್ಕೇ ಕಲಿಸಿದುದು ಅದರ ವಿಶೇಷ.

ಎರಡನೆಯದು ಬಳ್ಳಾರಿಯದು. ಮಾನಸಿಕ ರೋಗಿಗಳಿಗೆ ಬೆಂಗಳೂರಿನ ದಾರಿಯಲ್ಲದೆ ಬೇರೆ ದಾರಿ ಇಲ್ಲದಿದ್ದಾಗ, ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಔಷಧ ಕೊಡುವುದನ್ನು ಕಲಿಸತೊಡಗಿದರು. ತರಬೇತಿ ಕೊಟ್ಟು ಕೈಬಿಡಲಿಲ್ಲ. ಕಲಿತವರಿಗೆ ಸಂದೇಹ ಬಂದಾಗ ಕೇಳಲು ಜಿಲ್ಲೆಯಲ್ಲಿಯೇ ಮನೋವೈದ್ಯರಿದ್ದರು. ಈ ಬಳ್ಳಾರಿ ಮಾದರಿಯೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಈಗ ದೂರವೂ ಅಷ್ಟೊಂದು ಅಡ್ಡಿಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿದ್ದ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ 2003ರಲ್ಲಿ ಒಂದು ಉಪಾಯ ಕಂಡುಹಿಡಿದರು. ಹಳ್ಳಿಯ ವೈದ್ಯರು ಗೊತ್ತಾದ ದಿನ ಪರದೆಯ ಮುಂದೆ ಕೂಡುವುದು. ಒಬ್ಬರು ತಮ್ಮ ರೋಗಿಯ ಸ್ಥಿತಿಯನ್ನು, ಹೆಸರು ಹೇಳದೆ, ವಿವರಿಸುವುದು. ತಜ್ಞರೂ ಉಳಿದ ವೈದ್ಯರೂ ಚರ್ಚಿಸುವುದು. ಹೀಗೆ ಕಲಿತ ಹಳ್ಳಿಯ ವೈದ್ಯರು ಒಂದು ಬಗೆಯ ಕಾಮಾಲೆಗೆ ಕೊಟ್ಟ ಚಿಕಿತ್ಸೆ ದೊಡ್ಡ ಆಸ್ಪತ್ರೆಯ ತಜ್ಞರ ಚಿಕಿತ್ಸೆಗೆ ಸರಿಸಮನಾಗಿತ್ತೆಂದು 2011ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್ ಕೂಡ ಇದೇ ರೀತಿಯಲ್ಲಿ ದೂರದ ವೈದ್ಯರಿಗೆ ಕಲಿಸುತ್ತ ಬಂದಿದೆ. ಚರಕನ ಸಂಭಾಷೆಗೆ ತಂತಿ ಜೋಡಿಸಿದಂತಾಯಿತು, ಅಷ್ಟೆ.

ಇನ್ನು ವೈದ್ಯರ ಕಡೆಯ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಒಬ್ಬರೇ ವೈದ್ಯರಿರುವ ಆರೋಗ್ಯ ಕೇಂದ್ರದಿಂದ ಅವರು ಎರಡು ದಿನ ತರಬೇತಿಗೆ ಹೋದರೆ ಆ ಎರಡು ದಿನ ಹೆರಿಗೆಗೆ ಯಾರು, ಜ್ವರಕ್ಕೆ ಯಾರು? ಸ್ವಂತ ಶಾಪು ಇಟ್ಟುಕೊಂಡವರು ಬಾಗಿಲು ಮುಚ್ಚಿದರೆ ಆ ದಿನದ ಸಂಪಾದನೆ ಹೋಯಿತು. ನಮ್ಮ ಚಿಕ್ಕಪ್ಪನಿಗೆ ಹಗ್ಗ ಕಟ್ಟಿದ ಡಾಕ್ಟರು ಬೆಳಗಿನಿಂದ ರಾತ್ರಿ ಹತ್ತರವರೆಗೆ ರೋಗಿಗಳನ್ನು ನೋಡುವವರು. ಅವರಿಗೆ ಓದಲು ಹೊತ್ತೆಲ್ಲಿ? ಅವರ ಬಾಗಿಲಿಗೆ ಬಿಡದೆ ಬರತಕ್ಕ ಗುರುವೆಂದರೆ ಔಷಧ ಕಂಪನಿಯ ಪ್ರತಿನಿಧಿಯೊಬ್ಬನೇ. ಆತ ಹೇಳುವುದು ತನ್ನ ಮಾತ್ರೆಯ ಗುಣವನ್ನು. ಕಂಪನಿಗಳ ಖರ್ಚಿನಲ್ಲಿ ವೈದ್ಯರು ಸಮ್ಮೇಳನಗಳಿಗೆ ಪ್ರಯಾಣ ಮಾಡಕೂಡದೆಂದು, ಉಡುಗೊರೆ ಪಡೆಯಕೂಡದೆಂದು 2009ರ ತಿದ್ದುಪಡಿ ವಿಧಿಸಿದೆ. ಇದು ಯೋಗ್ಯವಾದುದೇ. ಆದರೆ ಆ ಖರ್ಚನ್ನು ಬೇರೆ ಯಾರಾದರೂ ಹೊರದಿದ್ದರೆ ಹಳ್ಳಿಯ ವೈದ್ಯ ಕಲಿಯುವುದೆಂತು? ವಿಧಿಸುವವರೇ ಅವಕಾಶವನ್ನೂ ಒದಗಿಸಿಕೊಡಬೇಕಲ್ಲವೆ? ಬದಲಿ ವೈದ್ಯರನ್ನು ಕಳುಹಿಸುವುದು, ತಾಲ್ಲೂಕು ಆಸ್ಪತ್ರೆಯಲ್ಲಿಯೇ ತಿಂಗಳಿಗೊಂದು ಸಂಜೆ ಸರಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರೂ ಕೂಡುವುದು, ಆ ತಿಂಗಳು ಬಂದ ರೋಗಿಗಳ ವಿಷಯವನ್ನೇ ಚರ್ಚಿಸುವುದು, ಇವು ಅಸಾಧ್ಯವಾದ ಕೆಲಸಗಳಲ್ಲ.

ಹಾವಿನ ವಿಷಯದಲ್ಲಂತೂ ಇದು ತಡಮಾಡತಕ್ಕದ್ದಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸರಾಸರಿ ವರ್ಷಕ್ಕೆ 58,000 ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಸಂಗತಿಯೆಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷವಿದೆ. ಹಾವು ಮಗುವೆಂದು ವಿಷವನ್ನು ಕಡಮೆ ಬಿಡುವುದಿಲ್ಲವಾದುದರಿಂದ ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಕೊಡಬೇಕು. ಬೇಕಾದ ಸಲಕರಣೆ ಒಂದು ಗಾಜಿನ ನಳಿಗೆ, ಒಂದು ಗಡಿಯಾರ. ಕಲಿಯಲು ಬೇಕಾದುದು ಒಂದು ಮಧ್ಯಾಹ್ನ. ಆ ಒಂದು ಮಧ್ಯಾಹ್ನ ಎಲ್ಲ ವೈದ್ಯರಿಗೂ ದೊರೆಯಬೇಕು.

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ನನ್ನಂತೆ ಮನೆಗೆ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಲ್ಲಿ ಬಹಳ ಮಂದಿ ಇದ್ದೇವೆ. ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಡಾಕ್ಟರ ಚೀಟಿ ಮೊದಲು ನಮ್ಮ ಕೈಗೆ ಬರುತ್ತದೆ. ನಾವು ವೈದ್ಯರಾಗುವುದು ಬೇಡ. ಹಾವು ಕಚ್ಚಿದ ಕಾಲಿಗೆ ಹಗ್ಗ ಕಟ್ಟಬಾರದು, ಗೀರಬಾರದು, ಕಾಲನ್ನು ಅಲುಗಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು ಎಂಬಷ್ಟನ್ನು ನಮ್ಮ ಬೀದಿಯಲ್ಲಿ ಹೇಳಬಲ್ಲೆವು. ಅಂದು ಇಷ್ಟು ನನಗೆ ತಿಳಿದಿದ್ದರೆ ನಮ್ಮ ತಂದೆಯವರ ಕೈಯಿಂದ ಆ ಟವೆಲನ್ನು ತೆಗೆದುಕೊಳ್ಳುತ್ತಿದ್ದೆ. ವೈದ್ಯರನ್ನು ವಿನಯದಿಂದ ಪ್ರಶ್ನೆ ಕೇಳುವ ಅಭ್ಯಾಸವೂ ನಮಗಿರಲಿ. ಕೇಳುವ ರೋಗಿಯಿದ್ದಲ್ಲಿ ಓದುವ ವೈದ್ಯನಿರುತ್ತಾನೆ.

ನಾವೂ ಈ ವರ್ಷ ಪದವಿ ಪಡೆದು ಹೊರಡುತ್ತೇವೆ. ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗಬಹುದು, ಕೆಲವರು ಗುಮಾಸ್ತರಾಗಬಹುದು. ನಾವು ಓದು ನಿಲ್ಲಿಸಿದರೆ ಯಾರದೋ ಕಾಲಿನ ಬೆರಳು ಹೋಗಲಾರದು. ಆದರೆ ನಮ್ಮ ಕೈಕೆಳಗೆ ಕಲಿಯುವ ಮಗುವಿಗೆ, ನಮ್ಮ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತ ರೈತನಿಗೆ ನಷ್ಟ ತಪ್ಪದು. "ಆಮೇಲೆ ಕರೆದರು, ಹೋದೆ, ಕಲಿತೆ" ಎಂದ ಆ ಡಾಕ್ಟರ ಮಾತನ್ನು ನಾನು ನನಗೂ ಹೇಳಿಕೊಂಡಿದ್ದೇನೆ.